ಓರಲ್ ಸೆಕ್ಸ್ ಆದ ಮೇಲೆ ಟೆಸ್ಟ್ ಮಾಡಿಸಲು ಹೊರಟಾಗ

ನನ್ನ ಕೊನೆಯ ರಿಪೋರ್ಟ್ ಕಳೆದ ವಾರ ಕೈಗೆ ಬಂತು. ಎಲ್ಲವೂ ನೆಗೆಟಿವ್. ಇಷ್ಟು ತಿಂಗಳು ನಾನು ಯಾವ ಬಾಗಿಲಿಗೆ ಹೋಗಬೇಕು, ಏನು ಕೇಳಬೇಕು, ಯಾವ ಟೆಸ್ಟ್ ಯಾವಾಗ ಮಾಡಿಸಬೇಕು ಅಂತ ಗೊತ್ತಿಲ್ಲದೆ ಅಲೆದಿದ್ದೇನೆ. ಕನ್ನಡದಲ್ಲಿ ಇದನ್ನು ಯಾರಾದರೂ ಬಿಡಿಸಿ ಬರೆದಿದ್ದರೆ ನನ್ನ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಜಾಗ ಹೇಳುವುದಿಲ್ಲ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವ, ಪಿಜಿಯಲ್ಲಿರುವ, ಇನ್ನೂ ಮದುವೆಯಾಗದ ಹುಡುಗಿ. ಮನೆ ಶಿವಮೊಗ್ಗದ ಕಡೆ. ಇಷ್ಟು ಸಾಕು.

ಕೆಲವು ತಿಂಗಳಿಂದ ಗೊತ್ತಿದ್ದ ಒಬ್ಬರ ಜೊತೆ ನನಗೆ ಸಂಬಂಧ ಇತ್ತು. ಇಬ್ಬರಿಗೂ ಒಪ್ಪಿಗೆ ಇತ್ತು. ಓರಲ್ ಸೆಕ್ಸ್ ಆಯಿತು, ಕಾಂಡೋಮ್ ಇರಲಿಲ್ಲ. ಆಮೇಲೆ ಒಂದು ದಿನ ಮಾತಿಗೆ ಮಾತು ಬಂದು, ತಾನು ಯಾವತ್ತೂ ಯಾವ ಟೆಸ್ಟೂ ಮಾಡಿಸಿಲ್ಲ, ಹಿಂದೆ ಬೇರೆ ಸಂಬಂಧಗಳೂ ಇದ್ದವು ಅಂತ ಅವರು ಹೇಳಿದರು. ಅದಾದ ಕೆಲವೇ ದಿನಕ್ಕೆ ನನಗೆ ಗಂಟಲು ನೋವು ಶುರುವಾಯಿತು. ಕೆಳತುಟಿಯ ಒಳಗೆ ಒಂದು ಹುಣ್ಣೂ ಎದ್ದಿತು. ಅಮ್ಮನಿಗೆ ಫೋನಿನಲ್ಲಿ ಬಾಯಿ ಹುಣ್ಣು ಅಂದೆ. "ಉಷ್ಣ ಆಗಿರತ್ತೆ, ರಾತ್ರಿ ನಿದ್ದೆ ಕೆಡಬೇಡ, ಎಳನೀರು ಕುಡಿ" ಅಂದರು. ಎಳನೀರು ಕುಡಿಯುತ್ತಲೇ ನಾನು ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಹುಡುಕುತ್ತಿದ್ದೆ.

ಇಂಟರ್ನೆಟ್ಟಿನಲ್ಲಿ ಒಂದು ಕಡೆ "ಓರಲ್ ಸೆಕ್ಸ್‌ನಿಂದ ಅಪಾಯ ಇಲ್ಲವೇ ಇಲ್ಲ" ಅಂತಿತ್ತು. ಇನ್ನೊಂದು ಕಡೆ "ಅಪಾಯ ಖಂಡಿತ ಇದೆ" ಅಂತಿತ್ತು. ಒಬ್ಬರು ಎಚ್‌ಐವಿ ಬಗ್ಗೆ ಹೇಳುತ್ತಿದ್ದರು, ಇನ್ನೊಬ್ಬರು ಉಳಿದ ಸೋಂಕುಗಳ ಬಗ್ಗೆ ಹೇಳುತ್ತಿದ್ದರು. ಇದು ನನಗೆ ಅರ್ಥವಾಗಲು ತುಂಬಾ ಸಮಯ ಹಿಡಿಯಿತು. ಓರಲ್ ಸೆಕ್ಸ್‌ನಿಂದ ಎಚ್‌ಐವಿ ಹರಡುವ ಸಾಧ್ಯತೆ ಬಹಳ ಬಹಳ ಕಡಿಮೆ. ವಸಡಿನಲ್ಲಿ ರಕ್ತ ಬರುತ್ತಿದ್ದರೆ, ಬಾಯಿಯಲ್ಲಿ ಗಾಯ ಇದ್ದರೆ ಅದು ಸ್ವಲ್ಪ ಹೆಚ್ಚಬಹುದು, ಅಷ್ಟೆ. ಆದರೆ ಸಿಫಿಲಿಸ್, ಗೊನೊರಿಯಾ, ಹರ್ಪಿಸ್, ಎಚ್‌ಪಿವಿ ಇಂಥ ಲೈಂಗಿಕ ಸೋಂಕುಗಳೆಲ್ಲ ಬಾಯಿಯ ಮೂಲಕ ಬರಬಲ್ಲವು. ಅಂದರೆ ನಾನು ರಾತ್ರಿಯೆಲ್ಲ ಹೆದರುತ್ತಿದ್ದದ್ದು ಒಂದಕ್ಕೆ, ನೋಡಿಸಿಕೊಳ್ಳಬೇಕಾಗಿದ್ದದ್ದು ಬೇರೆಯದನ್ನು. ನನ್ನ ಪರಿಚಯದ ಹುಡುಗಿಯರಲ್ಲೂ ಹುಡುಗರಲ್ಲೂ ಹೆಚ್ಚಿನವರು ಒಂದು ಎಚ್‌ಐವಿ ಟೆಸ್ಟ್ ಮಾಡಿಸಿ, ನೆಗೆಟಿವ್ ಬಂದರೆ "ಎಲ್ಲ ಸರಿ ಇದೆ" ಅಂತ ಸುಮ್ಮನಾಗುತ್ತಾರೆ. ಆ ಒಂದು ರಿಪೋರ್ಟ್ ಗಂಟಲಿನ ಬಗ್ಗೆ ಏನೂ ಹೇಳುವುದಿಲ್ಲ.

ಮೊದಲು ನಾನು 1097ಕ್ಕೆ ಫೋನ್ ಮಾಡಿದೆ. ಇದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸಹಾಯವಾಣಿ. ದುಡ್ಡು ಖರ್ಚಾಗುವುದಿಲ್ಲ. ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡಲಿಲ್ಲ. ಟೆರೇಸಿನ ಮೇಲೆ ಹೋಗಿ, ಬಟ್ಟೆ ಒಣಗಿಸುವ ನೆಪದಲ್ಲಿ ಮಾತಾಡಿದೆ. ಆ ಕಡೆ ಇದ್ದವರು ನಿಧಾನವಾಗಿ ಕೇಳಿಸಿಕೊಂಡರು. ಪೆಪ್ ಅನ್ನುವ ಮಾತ್ರೆ ಬಗ್ಗೆ ಕೇಳಿದೆ. ಎಚ್‌ಐವಿ ತಗುಲಿರಬಹುದು ಅನ್ನುವ ಗಟ್ಟಿ ಅನುಮಾನ ಇದ್ದಾಗ 72 ಗಂಟೆಯೊಳಗೆ ಶುರು ಮಾಡಿ, 28 ದಿನ ತೆಗೆದುಕೊಳ್ಳುವ ಮಾತ್ರೆ ಅದು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ನನ್ನ ವಿಷಯದಲ್ಲಿ ಆ ಗಂಟೆಗಳು ಯಾವಾಗಲೋ ಕಳೆದಿದ್ದವು, ಅಪಾಯವೂ ಅಂಥದ್ದಾಗಿರಲಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಬೇರೆ ರೀತಿಯ ಸಂಪರ್ಕ ಆಗಿದ್ದರೆ, ಕಾಂಡೋಮ್ ಹರಿದಿದ್ದರೆ, ಅಥವಾ ಬಲವಂತ ಆಗಿದ್ದರೆ, ದಯವಿಟ್ಟು ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಈಗಲೇ ದೊಡ್ಡ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೋ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೋ ಹೋಗಿ ಪೆಪ್ ಬಗ್ಗೆ ಕೇಳಿ. ನಾಳೆ ಅಂತ ಮುಂದೂಡಬೇಡಿ.

ಗಂಟಲು ನೋವು ಇದ್ದದ್ದರಿಂದ ನಾನು ಮೊದಲು ಹೋದದ್ದು ಪಿಜಿ ಹತ್ತಿರದ ಒಂದು ಕಿವಿ, ಮೂಗು, ಗಂಟಲಿನ ಕ್ಲಿನಿಕ್ಕಿಗೆ. ಫೀಸು 600 ರೂಪಾಯಿ. ಒಳಗೆ ಹೋದವಳೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅದಕ್ಕೆ ನನಗೆ ಎಷ್ಟು ಧೈರ್ಯ ಬೇಕಾಯಿತೋ ದೇವರಿಗೇ ಗೊತ್ತು. ಡಾಕ್ಟರು ತಲೆ ಎತ್ತಲಿಲ್ಲ. "ಮದುವೆ ಆಗಿದೆಯಾ?" ಅಂದರು. ಇಲ್ಲ ಅಂದೆ. ಮುಂದೆ ಒಂದು ಪ್ರಶ್ನೆಯೂ ಬರಲಿಲ್ಲ. ಟಾರ್ಚ್ ಹಾಕಿ ನೋಡಿ, ಅಜಿಥ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಮಾತ್ರೆ, ಬಾಯಿ ಮುಕ್ಕಳಿಸುವ ಔಷಧಿ ಬರೆದುಕೊಟ್ಟರು. ಸ್ವ್ಯಾಬ್, ಅಂದರೆ ಹತ್ತಿಕಡ್ಡಿಯಿಂದ ಗಂಟಲಿನ ಸ್ಯಾಂಪಲ್, ತೆಗೆಯಬೇಕಾ ಅಂತ ನಾನೇ ಕೇಳಿದೆ. "ಬೇಡ, ಮಾತ್ರೆ ತಗೊಳ್ಳಿ" ಅಂದರು.

ಹೊರಗೆ ಬಂದು ಬೈಕು ನಿಲ್ಲಿಸುವ ಜಾಗದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಅವಮಾನ ಆಯಿತು. ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಹೇಳಿಕೊಂಡವಳ ಮಾತು ಕೇಳಿಸಿಕೊಳ್ಳುವುದು ಚಿಕಿತ್ಸೆಯ ಒಂದು ಭಾಗ ಅಲ್ವಾ? ಆ ಮಾತ್ರೆಯಿಂದ ಇನ್ನೊಂದು ತೊಂದರೆಯೂ ಆಯಿತು. ಅದು ಆಮೇಲೆ ಗೊತ್ತಾದದ್ದು, ಮುಂದೆ ಹೇಳುತ್ತೇನೆ.

ಎರಡನೇ ಬಾಗಿಲು ಒಂದು ಖಾಸಗಿ ಲ್ಯಾಬ್. ಅಲ್ಲಿ ಕೌಂಟರಿನ ಹುಡುಗಿ ನನ್ನ ಮೊಬೈಲ್ ನಂಬರ್ ಹಾಕುತ್ತಿದ್ದ ಹಾಗೆ ಪರದೆ ಮೇಲೆ ಅಪ್ಪನ ಹೆಸರು ಬಂತು. ಹಿಂದೊಮ್ಮೆ ಊರಿನಲ್ಲಿ ಅದೇ ಲ್ಯಾಬಿನ ಶಾಖೆಯಲ್ಲಿ ಥೈರಾಯ್ಡ್ ಟೆಸ್ಟ್ ಮಾಡಿಸಿದ್ದೆ. ಆಗ ಅಪ್ಪ ತಮ್ಮ ಖಾತೆಯಲ್ಲೇ ನನ್ನ ಹೆಸರನ್ನೂ ಸೇರಿಸಿದ್ದರು. ರಿಪೋರ್ಟ್ ಎರಡೂ ನಂಬರಿಗೆ ಹೋಗುತ್ತದೆ ಅಂತ ಅವಳೇ ಹೇಳಿದಳು. ನನ್ನ ಎದೆ ಧಸಕ್ಕೆಂದಿತು. ಅವಳು ಹೇಳದೆ ಇದ್ದಿದ್ದರೆ? ಹೊಸ ನೋಂದಣಿ ಮಾಡಿಸಿ, ನನ್ನ ನಂಬರ್ ಮಾತ್ರ ಇರಲಿ, ಇ-ಮೇಲ್ ಬೇಡ ಅಂತ ಹೇಳಿ ಮಾಡಿಸಿದೆ. ನೀವೂ ರಕ್ತ ಕೊಡುವ ಮೊದಲು ಈ ಒಂದು ಪ್ರಶ್ನೆ ಕೇಳಿ: "ರಿಪೋರ್ಟ್ ಯಾವ ಯಾವ ನಂಬರಿಗೆ ಹೋಗತ್ತೆ?" ಮನೆಯವರ ಫೋನಿಗೆ, ಹಳೆಯ ಆಫೀಸಿನ ಮೇಲ್‌ಗೆ ಹೋಗುವ ರಿಪೋರ್ಟುಗಳು ಕಡಿಮೆ ಇರಲಾರವು.

ಅದೇ ಹುಡುಗಿ ಆಮೇಲೆ "ಎಸ್‌ಟಿಡಿ ಪ್ಯಾಕೇಜಾ ಮೇಡಂ?" ಅಂತ ಇಡೀ ಹಾಲಿಗೆ ಕೇಳುವ ಹಾಗೆ ಕೇಳಿದಳು. ಎಸ್‌ಟಿಡಿ ಅಂದರೆ ಲೈಂಗಿಕ ಸೋಂಕು. ಸಕ್ಕರೆ ಕಾಯಿಲೆ ಟೆಸ್ಟಿಗೆ ಬಂದು ಕೂತಿದ್ದ ಅಜ್ಜ ನನ್ನ ಕಡೆ ತಿರುಗಿ ನೋಡಿದರು. ಪ್ಯಾಕೇಜಿನಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ವಿಡಿಆರ್‌ಎಲ್, ಹರ್ಪಿಸ್ ಐಜಿಎಂ, ಜೊತೆಗೆ ಟಾರ್ಚ್ ಪ್ರೊಫೈಲ್ ಅಂತ ಒಂದು ಇತ್ತು. 4,000 ರೂಪಾಯಿಗೆ ಹತ್ತಿರ ಆಯಿತು. ಟಾರ್ಚ್ ಅನ್ನುವುದು ಗರ್ಭಿಣಿಯರ ವಿಷಯದಲ್ಲಿ ನೋಡುವ ಟೆಸ್ಟುಗಳ ಗುಂಪು. ನನ್ನ ಪ್ರಶ್ನೆಗೂ ಅದಕ್ಕೂ ಸಂಬಂಧ ಇರಲಿಲ್ಲ. ಹರ್ಪಿಸ್ ಐಜಿಎಂ ಕೂಡ ನಂಬಿಕೆಗೆ ಯೋಗ್ಯವಾದ ಟೆಸ್ಟ್ ಅಲ್ಲ, ಗುಳ್ಳೆ ಎದ್ದಾಗ ಅದರಿಂದಲೇ ಸ್ವ್ಯಾಬ್ ತೆಗೆದು ನೋಡುವುದು ಸರಿಯಾದ ದಾರಿ ಅಂತ ಆಮೇಲೆ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹೇಳಿದರು. ಪ್ಯಾಕೇಜ್ ಅಂದ ಕೂಡಲೇ ಎಲ್ಲವೂ ಅದರಲ್ಲಿದೆ ಅಂತ ಅನ್ನಿಸುತ್ತದೆ. ಗಂಟಲಿನ ಗೊನೊರಿಯಾ, ಕ್ಲಮೈಡಿಯಾ ಸೋಂಕುಗಳ ಟೆಸ್ಟ್ ಅದರಲ್ಲಿ ಇರಲೇ ಇಲ್ಲ. ಅವು ರಕ್ತದಲ್ಲಿ ಕಾಣುವುದಿಲ್ಲ.

ರಿಪೋರ್ಟ್ ಸಂಜೆ ವಾಟ್ಸಾಪ್‌ನಲ್ಲಿ ಬಂತು. ಎಚ್‌ಐವಿ ನಾನ್-ರಿಯಾಕ್ಟಿವ್, ಅಂದರೆ ನೆಗೆಟಿವ್. ಹೆಪಟೈಟಿಸ್ ಎರಡೂ ನೆಗೆಟಿವ್. ವಿಡಿಆರ್‌ಎಲ್ ಮುಂದೆ ಮಾತ್ರ "ವೀಕ್ಲಿ ರಿಯಾಕ್ಟಿವ್, 1:2" ಅಂತ ಇತ್ತು, ಅಂದರೆ ಸಣ್ಣ ಮಟ್ಟದ ಪಾಸಿಟಿವ್. ವಿಡಿಆರ್‌ಎಲ್ ಅಂದರೆ ಸಿಫಿಲಿಸ್ ಟೆಸ್ಟ್. ವಿವರಿಸುವವರು ಯಾರೂ ಇರಲಿಲ್ಲ. ಲ್ಯಾಬಿಗೆ ಫೋನ್ ಮಾಡಿದರೆ "ನಿಮ್ಮ ಡಾಕ್ಟರಿಗೆ ತೋರಿಸಿ ಮೇಡಂ" ಅಂದರು.

ಆ ರಾತ್ರಿ ನನಗೆ ಊಟ ಇಳಿಯಲಿಲ್ಲ. ಅಪ್ಪ ಅಮ್ಮನ ಮುಖ, ತಂಗಿಯ ಮದುವೆ ಮಾತುಕತೆ, ಎಲ್ಲವೂ ಒಟ್ಟಿಗೆ ತಲೆಗೆ ಬಂದವು. ರೂಮಿನ ಗೆಳತಿಗೆ ಫೋನ್ ಕೊಟ್ಟು ನೀನೇ ಓದು ಅಂದೆ. ಅವಳು ಓದಿ, ನನ್ನ ಪಕ್ಕ ಕೂತು, "ಅಳ್ಬೇಡ ಕಣೇ. ಇದಕ್ಕೆ ಔಷಧಿ ಇದೆ. ನಾಳೆ ರಜೆ ಹಾಕು, ನಾನೂ ಬರ್ತೀನಿ" ಅಂದಳು. ಅವಳ ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ಅಂತ ಹೇಳಿಕೊಟ್ಟವರು ಅವರೇ.

ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಲೈಂಗಿಕ ಸೋಂಕುಗಳನ್ನು ನೋಡುವ ತಜ್ಞರು ಚರ್ಮರೋಗದ ಡಾಕ್ಟರೇ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ "ಚರ್ಮ, ಲೈಂಗಿಕ ಮತ್ತು ಕುಷ್ಠ ರೋಗ ವಿಭಾಗ" ಅಂತ ಬೋರ್ಡ್ ಇರುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಇದಕ್ಕೇ ಅಂತ "ಸುರಕ್ಷಾ ಕ್ಲಿನಿಕ್" ಇರುತ್ತದೆ. ಹೆಂಗಸರಿಗೆ ಸ್ತ್ರೀರೋಗ ವಿಭಾಗದಲ್ಲೂ ಇದರ ಸೇವೆ ಸಿಗುತ್ತದೆ. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ "ಗುಪ್ತ ರೋಗಕ್ಕೆ ಗ್ಯಾರಂಟಿ ಚಿಕಿತ್ಸೆ" ಅಂತ ಅಂಟಿಸಿರುವ ಚೀಟಿಗಳಲ್ಲಿನ ನಂಬರಿಗೆ ಯಾವ ಕಾರಣಕ್ಕೂ ಫೋನ್ ಮಾಡಬೇಡಿ. ಹೆದರಿದವರ ಜೇಬು ಖಾಲಿ ಮಾಡುವ ದಂಧೆ ಅದು.

ಬೆಳಿಗ್ಗೆ ಎಂಟೂವರೆಗೇ ಹೋದರೂ ಓಪಿಡಿ ಚೀಟಿಗೆ ದೊಡ್ಡ ಸಾಲು ಇತ್ತು. ಚೀಟಿಗೆ 20 ರೂಪಾಯಿ. ಕೌಂಟರಿನಲ್ಲಿ "ಯಾವ ವಿಭಾಗ?" ಅಂತ ಮಾತ್ರ ಕೇಳುತ್ತಾರೆ. "ಸ್ಕಿನ್" ಅಂದರೆ ಸಾಕು. ಆ ಬೋರ್ಡಿನ ಕೆಳಗೆ ನಿಲ್ಲಲು ನನಗೆ ಹಿಂಜರಿಕೆ ಆಗಿತ್ತು. ಆದರೆ ಸಾಲಿನಲ್ಲಿ ಕೂದಲು ಉದುರುವವರು, ಹುಳುಕಡ್ಡಿ ಆದವರು, ಮೊಡವೆಯವರು, ತೊನ್ನಿನ ಔಷಧಿಗೆ ಬಂದವರು, ಮಗುವನ್ನು ಎತ್ತಿಕೊಂಡು ಬಂದ ತಾಯಂದಿರು ಎಲ್ಲರೂ ಇದ್ದರು. ನಾನು ಯಾಕೆ ಬಂದಿದ್ದೇನೆ ಅಂತ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ನೀರಿನ ಬಾಟಲಿ, ತಿನ್ನಲು ಏನಾದರೂ, ಚಿಲ್ಲರೆ ಇಟ್ಟುಕೊಂಡು ಹೋಗಿ. ನನ್ನ ಸರದಿ ಬರುವಾಗ ಹನ್ನೊಂದು ಗಂಟೆ ದಾಟಿತ್ತು.

ಸಾಲಿನಲ್ಲಿದ್ದ ಸಿಸ್ಟರ್ ಒಬ್ಬರು "ಗಂಡ ಬಂದಿಲ್ವಾಮ್ಮಾ?" ಅಂದರು. ಗೆಳತಿ ನನಗಿಂತ ಮೊದಲೇ "ನಾನು ಬಂದಿದೀನಿ ಸಿಸ್ಟರ್" ಅಂದಳು. ಅವರು ತಲೆಯಾಡಿಸಿ ಒಳಗೆ ಕಳಿಸಿದರು.

ಒಳಗಿದ್ದ ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ಅತ್ತಿಗೆಯಷ್ಟಿದ್ದರು. ಎರಡು ಪ್ರಶ್ನೆ ಕೇಳಿದರು: ಯಾವ ರೀತಿಯ ಸಂಪರ್ಕ, ಎಷ್ಟು ದಿನ ಆಯಿತು. ಈ ಎರಡು ಪ್ರಶ್ನೆ ಕೇಳದೆ ಕೊಡುವ ಯಾವ ಟೆಸ್ಟಿಗೂ ಅರ್ಥ ಇಲ್ಲ ಅಂತ ನನಗೆ ಆಗ ಹೊಳೆಯಿತು. ಮೊದಲನೆಯದರಿಂದ ದೇಹದ ಯಾವ ಭಾಗ ನೋಡಬೇಕು ಅಂತ ಗೊತ್ತಾಗುತ್ತದೆ. ಎರಡನೆಯದರಿಂದ ಟೆಸ್ಟ್ ಈಗ ಮಾಡಬಹುದಾ, ಕಾಯಬೇಕಾ ಅಂತ ಗೊತ್ತಾಗುತ್ತದೆ.

ಬಾಯಿ ತೆರೆಸಿ, ತುಟಿ ಮಡಚಿ, ನಾಲಿಗೆಯ ಅಡಿ, ಕುತ್ತಿಗೆಯ ಗಂಟುಗಳನ್ನೆಲ್ಲ ನೋಡಿದರು. "ಹುಣ್ಣು ನೋವು ಇತ್ತಾ?" ಅಂದರು. ಖಾರ ತಿಂದರೆ ಜೀವ ಹೋಗುವಷ್ಟು ನೋವಿತ್ತು, ಈಗ ಒಣಗುತ್ತಿದೆ ಅಂದೆ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಗಟ್ಟಿ ಅಂಚು ಇರುತ್ತದೆ, ಸಂಪರ್ಕ ಆದ 10ರಿಂದ 90 ದಿನದೊಳಗೆ ಯಾವಾಗ ಬೇಕಾದರೂ ಬರಬಹುದು, ಹೆಚ್ಚಿನವರಿಗೆ ಮೂರು ವಾರದ ಹೊತ್ತಿಗೆ ಬರುತ್ತದೆ ಅಂತ ವಿವರಿಸಿದರು. ನೋವಿಲ್ಲದ್ದಕ್ಕೇ ಜನ ಅದನ್ನು ಗಮನಿಸುವುದಿಲ್ಲ. ಅದು ತಾನಾಗಿ ಮಾಯುತ್ತದೆ, ಸೋಂಕು ಮಾತ್ರ ಒಳಗೇ ಉಳಿಯುತ್ತದೆ. ನನ್ನದು ನೋಡಿದರೆ ಮಾಮೂಲಿ ಬಾಯಿ ಹುಣ್ಣು ಅಂದರು. ಅಮ್ಮ ಹೇಳಿದ ಉಷ್ಣವೇ ಇರಬೇಕು.

"ಹಾಗಾದರೆ ಈ ರಿಪೋರ್ಟ್?" ಅಂತ ಕೇಳುವಾಗ ನನ್ನ ಧ್ವನಿ ನಡುಗುತ್ತಿತ್ತು. ವಿಡಿಆರ್‌ಎಲ್ ಸಿಫಿಲಿಸ್‌ನ ರೋಗಾಣುವನ್ನು ನೇರವಾಗಿ ಹುಡುಕುವ ಟೆಸ್ಟ್ ಅಲ್ಲ. ಬೇರೆ ಜ್ವರ ಬಂದಾಗ, ಗರ್ಭಿಣಿಯಾಗಿದ್ದಾಗ, ಲೂಪಸ್‌ನಂಥ ಕಾಯಿಲೆ ಇದ್ದಾಗಲೂ ಇಷ್ಟು ಸಣ್ಣ ಮಟ್ಟದಲ್ಲಿ ಪಾಸಿಟಿವ್ ತೋರಿಸಬಹುದು. ಅದಕ್ಕೇ ಟಿಪಿಎಚ್‌ಎ ಅನ್ನುವ ಇನ್ನೊಂದು ಟೆಸ್ಟ್ ಮಾಡಿ ಖಚಿತ ಮಾಡಿಕೊಳ್ಳಬೇಕು. "ಒಂದು ವೇಳೆ ಇದ್ದರೂ ಹೆದರಬೇಡ. ಶುರುವಿನ ಹಂತದಲ್ಲಿ ಒಂದು ಸಲದ ಪೆನಿಸಿಲಿನ್ ಇಂಜೆಕ್ಷನ್‌ನಲ್ಲಿ ವಾಸಿ ಆಗತ್ತೆ" ಅಂದರು. ಬೆಂಜಾಥಿನ್ ಪೆನಿಸಿಲಿನ್, 24 ಲಕ್ಷ ಯೂನಿಟ್. ದಶಕಗಳಿಂದ ಇದಕ್ಕೆ ಕೊಡುತ್ತಿರುವ ಔಷಧಿ ಅದೇ. ನಾನು ಹಿಂದಿನ ರಾತ್ರಿ ಜೀವನವೇ ಮುಗಿಯಿತು ಅಂದುಕೊಂಡದ್ದು ಒಂದು ಇಂಜೆಕ್ಷನ್‌ನಲ್ಲಿ ವಾಸಿಯಾಗುವ ಕಾಯಿಲೆಗೆ.

ಅಲ್ಲಿಂದ ನನ್ನನ್ನು ಐಸಿಟಿಸಿಗೆ ಕಳಿಸಿದರು. ಎಚ್‌ಐವಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷೆ ಎರಡೂ ನಡೆಯುವ ಕೇಂದ್ರ ಅದು. ಪೂರ್ತಿ ಉಚಿತ. ಬಾಗಿಲು ಹಾಕಿ ಮಾತಾಡುವ ಒಂದು ಪುಟ್ಟ ಕೋಣೆ. ಆಪ್ತ ಸಮಾಲೋಚಕಿ ಮೊದಲು ವಿಷಯ ವಿವರಿಸಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಆಮೇಲೆ ರಕ್ತಕ್ಕೆ ಕಳಿಸಿದರು. "ನೋಡಮ್ಮ, ನಿನ್ನ ರಿಪೋರ್ಟ್ ನಿನ್ನ ಕೈಗೆ ಬಿಟ್ಟರೆ ಬೇರೆಯವರಿಗೆ ಕೊಡಲ್ಲ" ಅಂದರು. ಇದು ಅವರ ಒಳ್ಳೆಯತನ ಮಾತ್ರ ಅಲ್ಲ, ಕಾನೂನು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಬಹಿರಂಗ ಮಾಡುವ ಹಾಗಿಲ್ಲ, ಎಚ್‌ಐವಿ ಇದೆ ಅಂತ ಕೆಲಸದಿಂದ ತೆಗೆಯುವ ಹಾಗೂ ಇಲ್ಲ.

ಮೊದಲ ಟೆಸ್ಟ್‌ನಲ್ಲಿ ಏನೂ ಕಾಣದಿದ್ದರೆ ನೆಗೆಟಿವ್ ಅಂತ ಕೊಡುತ್ತಾರೆ. ಏನಾದರೂ ಕಂಡರೆ ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡದೆ ಪಾಸಿಟಿವ್ ಅಂತ ಹೇಳುವುದಿಲ್ಲ. ಇದು ಗೊತ್ತಿದ್ದರೆ ಅರ್ಧ ಹೆದರಿಕೆ ಕಡಿಮೆ. ನನ್ನದು ಮಧ್ಯಾಹ್ನದ ಹೊತ್ತಿಗೆ ಬಂತು, ನೆಗೆಟಿವ್. ಆದರೂ ವಿಂಡೋ ಪೀರಿಯಡ್ ಮುಗಿದ ಮೇಲೆ ಮತ್ತೆ ಬಾ ಅಂದರು. ಸೋಂಕು ಒಳಗೆ ಬಂದ ಕೂಡಲೇ ಟೆಸ್ಟ್‌ನಲ್ಲಿ ಕಾಣುವುದಿಲ್ಲ. ಲ್ಯಾಬಿನಲ್ಲಿ ತೋಳಿನಿಂದ ರಕ್ತ ತೆಗೆದು ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟ್ ಆದರೆ 45 ದಿನಕ್ಕೆ ನಂಬಬಹುದು. ಬೆರಳು ಚುಚ್ಚಿ ಮಾಡುವ ರ್‍ಯಾಪಿಡ್ ಟೆಸ್ಟ್ ಆದರೆ 90 ದಿನ ಕಾಯಬೇಕು. ಸಂಪರ್ಕ ಆದ ಐದನೇ ದಿನಕ್ಕೇ ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವ ಟೆಸ್ಟ್, ಆ ಸಂಪರ್ಕದ ಹಿಂದೆ ನಿಮಗೆ ಏನಿತ್ತು ಅಂತ ಹೇಳುತ್ತದೆಯೇ ಹೊರತು ಆ ದಿನ ಏನಾಯಿತು ಅಂತ ಹೇಳುವುದಿಲ್ಲ.

ಟಿಪಿಎಚ್‌ಎ ರಿಪೋರ್ಟ್ ಬರಲು ಕಾಯಬೇಕಾಯಿತು. ಆ ಕಾಯುವಿಕೆ ಎಲ್ಲಕ್ಕಿಂತ ಕಷ್ಟದ್ದು. ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿದ್ದರೆ ನಾನು ಮೇಜಿನ ಕೆಳಗೆ ಅಂಗೈ ತಿರುಗಿಸಿ ದದ್ದು ಎದ್ದಿದೆಯಾ ಅಂತ ನೋಡುತ್ತಿದ್ದೆ. ಸಿಫಿಲಿಸ್‌ನ ಎರಡನೇ ಹಂತದಲ್ಲಿ ಅಂಗೈ, ಅಂಗಾಲಿನಲ್ಲಿ ದದ್ದು ಬರುತ್ತದೆ ಅಂತ ಓದಿದ್ದೆ. ಮೈ ಬಿಸಿಯಾದರೆ ಜ್ವರ, ಕೆಮ್ಮಿದರೆ ಗಂಟಲಿನ ಸೋಂಕು. ನಿದ್ದೆ ಪೂರ್ತಿ ಹೋಯಿತು. ಒಂದು ರಾತ್ರಿ ತಡೆಯಲಾಗದೆ ಟೆಲಿ-ಮಾನಸ್‌ಗೆ, 14416ಕ್ಕೆ ಫೋನ್ ಮಾಡಿದೆ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಕನ್ನಡದಲ್ಲೇ ಮಾತಾಡಿದೆ. ಲಕ್ಷಣ ಹುಡುಕಲು ದಿನದಲ್ಲಿ ಒಂದೇ ಹೊತ್ತು ಇಟ್ಟುಕೊಳ್ಳಿ, ಉಳಿದ ಹೊತ್ತಿನಲ್ಲಿ ಬಾಯಿ ತೆರೆದು ಕನ್ನಡಿ ನೋಡಬೇಡಿ ಅಂತ ಹೇಳಿದರು. ಸಣ್ಣ ಮಾತು, ಆದರೆ ನನಗೆ ತುಂಬಾ ಸಹಾಯ ಆಯಿತು. ಟೆಸ್ಟ್ ನೆಗೆಟಿವ್ ಬಂದರೂ ಭಯ ಹೋಗದೆ ಮತ್ತೆ ಮತ್ತೆ ರಕ್ತ ಕೊಡುವವರು ಇದ್ದಾರೆ. ಅಂಥವರಿಗೆ ಬೇಕಿರುವುದು ಇನ್ನೊಂದು ಟೆಸ್ಟ್ ಅಲ್ಲ, ಇಂಥ ಒಂದು ಮಾತು.

ಟಿಪಿಎಚ್‌ಎ ನಾನ್-ರಿಯಾಕ್ಟಿವ್ ಬಂತು. ಲ್ಯಾಬಿನಲ್ಲಿ ಬಂದದ್ದು ಸುಳ್ಳು ಪಾಸಿಟಿವ್ ಇರಬಹುದು, ಆದರೂ ಮೂರು ತಿಂಗಳು ತುಂಬಿದ ಮೇಲೆ ಎರಡನ್ನೂ ಮತ್ತೊಮ್ಮೆ ನೋಡೋಣ ಅಂದರು. ನಾನು ಆಸ್ಪತ್ರೆಯ ಹೊರಗಿನ ಬೇಕರಿಯಲ್ಲಿ ಗೆಳತಿಗೆ ದಿಲ್‌ಪಸಂದ್ ಕೊಡಿಸಿದೆ. ತುಂಬಾ ದಿನದ ಮೇಲೆ ನನಗೂ ಹಸಿವಾಗಿತ್ತು.

ಗಂಟಲಿನ ಪ್ರಶ್ನೆ ಇನ್ನೂ ಹಾಗೇ ಇತ್ತು. ಗಂಟಲಿನಲ್ಲಿ ಗೊನೊರಿಯಾ ಇದ್ದರೆ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಟಾನ್ಸಿಲ್, ಗಂಟಲ ಹಿಂಭಾಗದಿಂದ ಸ್ವ್ಯಾಬ್ ತೆಗೆದು, ರೋಗಾಣುವನ್ನೇ ನೇರವಾಗಿ ಹುಡುಕುವ ಪಿಸಿಆರ್ ಟೆಸ್ಟ್ ಮಾಡಿದರೆ ಗೊತ್ತಾಗುತ್ತದೆ. ನಾನು ಹೋದ ಆಸ್ಪತ್ರೆಯಲ್ಲಿ ಆ ಪಿಸಿಆರ್ ಇರಲಿಲ್ಲ. ಹೊರಗೆ ಮಾಡಿಸಲು ಡಾಕ್ಟರಮ್ಮ ಬರೆದುಕೊಟ್ಟರು. ಆದರೆ ಕೂಡಲೇ ಬೇಡ ಅಂದರು. ಕ್ಲಿನಿಕ್ಕಿನಲ್ಲಿ ಕೊಟ್ಟ ಅಜಿಥ್ರೋಮೈಸಿನ್ ಮುಗಿದು ಸ್ವಲ್ಪ ವಾರ ಕಳೆಯಲಿ, ಇಲ್ಲದಿದ್ದರೆ ಫಲಿತಾಂಶ ನಂಬುವುದು ಕಷ್ಟ ಅಂದರು. ಆ ಮಾತ್ರೆಯಿಂದ ಆದ ತೊಂದರೆ ಇದೇ. ಗಂಟಲಿನ ಗೊನೊರಿಯಾಗೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಬೇಕು. ಜನನಾಂಗದ ಸೋಂಕಿಗಿಂತ ಗಂಟಲಿನದು ವಾಸಿಯಾಗುವುದು ಕಷ್ಟ. ಈ ರೋಗಾಣು ಅಜಿಥ್ರೋಮೈಸಿನ್‌ಗೆ ಬಗ್ಗದೆ ಇರುವುದು ಈಗ ಎಲ್ಲ ಕಡೆ ಕಾಣುತ್ತಿದೆ. ಅರೆಬರೆ ಮಾತ್ರೆ ಕೊಟ್ಟರೆ ರೋಗ ಒಳಗೇ ಉಳಿದು, ಟೆಸ್ಟ್‌ಗೂ ಸಿಗದೆ ಹೋಗಬಹುದು. ಅದಕ್ಕೇ ಹೇಳುವುದು, ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯಾಟಿಕ್ ತಗೊಳ್ಳಬೇಡಿ. ಡಾಕ್ಟರು ಬರೆದರೂ "ಇದಕ್ಕೂ ಮೊದಲು ಸ್ವ್ಯಾಬ್ ತೆಗೆಯಬಹುದಾ?" ಅಂತ ಕೇಳಿ.

ಹಲವು ಲ್ಯಾಬುಗಳಿಗೆ ಫೋನ್ ಮಾಡಿದೆ. "ಎಸ್‌ಟಿಡಿ ಪಿಸಿಆರ್ ಇದೆ" ಅನ್ನುತ್ತಾರೆ. ಗಂಟಲಿನ ಸ್ವ್ಯಾಬ್ ತಗೊಳ್ತೀರಾ ಅಂದರೆ "ಯೂರಿನ್ ಕೊಟ್ಟರೆ ಸಾಕು ಮೇಡಂ" ಅನ್ನುತ್ತಾರೆ. ಕೊನೆಗೆ ಒಪ್ಪಿದ ಲ್ಯಾಬಿನಿಂದ ಸ್ಯಾಂಪಲ್ ತಗೊಳ್ಳಲು ಬಂದ ಹುಡುಗನೂ ಮೂತ್ರದ ಡಬ್ಬಿಯನ್ನೇ ತಂದಿದ್ದ. ಮೂತ್ರದಲ್ಲಿ ನೋಡಿದರೆ ಮೂತ್ರನಾಳದ ಸೋಂಕು ಗೊತ್ತಾಗುತ್ತದೆ, ಗಂಟಲಿನದು ಗೊತ್ತಾಗುವುದಿಲ್ಲ. ನಾನು ಡಾಕ್ಟರ ಚೀಟಿ ತೋರಿಸಿ, "ಥ್ರೋಟ್ ಸ್ವ್ಯಾಬ್" ಅಂತ ಬರೆದಿರುವುದನ್ನು ಓದಿಸಿ, ಅವನ ಮೇಲಿನವರ ಜೊತೆ ಫೋನಿನಲ್ಲಿ ಮಾತಾಡಿ ವಾಪಸ್ ಕಳಿಸಿದೆ. ಮರುದಿನ ಸರಿಯಾದ ಸ್ವ್ಯಾಬ್ ತಂದರು. ಕೋವಿಡ್ ಟೆಸ್ಟ್ ಮಾಡಿಸಿದವರಿಗೆ ಆ ಓಕರಿಕೆ ಗೊತ್ತಿರುತ್ತದೆ, ಎರಡು ಕ್ಷಣದ ಕೆಲಸ. 3,500 ರೂಪಾಯಿ ಆಯಿತು. ಇಡೀ ಖರ್ಚಿನಲ್ಲಿ ನನಗೆ ಸಾರ್ಥಕ ಅನ್ನಿಸಿದ ದೊಡ್ಡ ಮೊತ್ತ ಇದೊಂದೇ. ಗೊನೊರಿಯಾ, ಕ್ಲಮೈಡಿಯಾ ಎರಡೂ ಇಲ್ಲ ಅಂತ ಬಂತು. ಆಫೀಸಿನ ಇನ್ಶೂರೆನ್ಸ್‌ನಲ್ಲಿ ಇದಕ್ಕೆ ಹಣ ಕೇಳಲು ನಾನು ಹೋಗಲಿಲ್ಲ. ಬಿಲ್ಲಿನಲ್ಲಿ ಟೆಸ್ಟಿನ ಹೆಸರು ಇರುತ್ತದೆ, ಅದು ಯಾರ ಮೇಜಿನ ಮೇಲೆ ಹೋಗಿ ಕೂರುತ್ತದೋ ಗೊತ್ತಿಲ್ಲ.

ಇಷ್ಟರ ನಡುವೆ ಆ ಸಂಗಾತಿಯ ಜೊತೆ ಮಾತಾಡಬೇಕಿತ್ತು. ನನಗೆ ಮಾತ್ರ ಟೆಸ್ಟ್ ಮಾಡಿ ಏನು ಪ್ರಯೋಜನ ಅಂತ ಆಪ್ತ ಸಮಾಲೋಚಕಿ ಮೊದಲ ದಿನವೇ ಹೇಳಿದ್ದರು. ಸಂಗಾತಿಗೆ ಸೋಂಕು ಇದ್ದು ಅವರಿಗೆ ಚಿಕಿತ್ಸೆ ಆಗದಿದ್ದರೆ ಅದು ಮತ್ತೆ ಮತ್ತೆ ಸುತ್ತಿ ಬರುತ್ತದೆ. ಫೋನ್ ಮಾಡಿದೆ. "ಅಂದ್ರೆ ನನ್ನ ಮೇಲೆ ಅನುಮಾನನಾ?" ಅಂತ ರೇಗಿದರು. ಅನುಮಾನದ ಮಾತಲ್ಲ, ನಾನೂ ಮಾಡಿಸಿದ್ದೇನೆ, ನಿಮ್ಮ ದೇಹದ ಬಗ್ಗೆ ನಿಮಗೂ ಗೊತ್ತಿರಬೇಕು ಅಂದೆ. ಕೆಲವು ದಿನ ಮಾತಿರಲಿಲ್ಲ. ಆಮೇಲೆ ತಾವೇ ಸುರಕ್ಷಾ ಕ್ಲಿನಿಕ್ ಎಲ್ಲಿ ಬರುತ್ತದೆ ಅಂತ ಕೇಳಿದರು. ಟೆಸ್ಟ್ ಮಾಡಿಸಿದರು, ಏನೂ ಇರಲಿಲ್ಲ. ಸಂಬಂಧ ಮುಂದುವರಿಯಲಿಲ್ಲ. ಆದರೆ ಅವರು ಹೋಗಿ ಟೆಸ್ಟ್ ಮಾಡಿಸಿದ್ದಕ್ಕೆ ನನಗೆ ಅವರ ಮೇಲೆ ಗೌರವ ಇದೆ.

ಮೂರು ತಿಂಗಳು ತುಂಬಿದ ಮೇಲೆ ಅದೇ ಸಾಲು, ಅದೇ 20 ರೂಪಾಯಿ ಚೀಟಿ. ಎಚ್‌ಐವಿ, ವಿಡಿಆರ್‌ಎಲ್, ಟಿಪಿಎಚ್‌ಎ ಮೂರೂ ನೆಗೆಟಿವ್. ಡಾಕ್ಟರಮ್ಮ ಎರಡು ಲಸಿಕೆ ಬಗ್ಗೆ ಹೇಳಿದರು. ಒಂದು ಹೆಪಟೈಟಿಸ್ ಬಿ. ಮಕ್ಕಳ ಲಸಿಕೆಗಳ ಪಟ್ಟಿಯಲ್ಲಿ ಅದು ದೇಶದ ಎಲ್ಲ ಕಡೆ ಬಂದದ್ದು 2011ರ ಹೊತ್ತಿಗೆ. ನನ್ನ ವಯಸ್ಸಿನವರಲ್ಲಿ ಎಷ್ಟೋ ಜನಕ್ಕೆ ಅದು ಆಗಿರುವುದಿಲ್ಲ. ಶೂನ್ಯ, ಒಂದು, ಆರನೇ ತಿಂಗಳು ಹೀಗೆ ಮೂರು ಡೋಸ್. ಇನ್ನೊಂದು ಎಚ್‌ಪಿವಿ. ಸೀರಂ ಇನ್ಸ್ಟಿಟ್ಯೂಟ್‌ನ ಸರ್ವಾವ್ಯಾಕ್, ಹೊರದೇಶದ ಗಾರ್ಡಸಿಲ್ ಎರಡೂ ಸಿಗುತ್ತವೆ. ಗರ್ಭಕೊರಳಿನ ಕ್ಯಾನ್ಸರ್ ಜೊತೆಗೆ ಗಂಟಲಿನ ಕೆಲವು ಕ್ಯಾನ್ಸರ್‌ಗೂ ಈ ವೈರಸ್ ಕಾರಣ. ಚಿಕ್ಕ ವಯಸ್ಸಿನಲ್ಲೇ ಹಾಕಿಸಿದರೆ ಒಳ್ಳೆಯದು, ಆದರೆ ನನ್ನ ವಯಸ್ಸಿನಲ್ಲೂ ಹಾಕಿಸಬಹುದು ಅಂದರು. ಹೆಪಟೈಟಿಸ್ ಬಿ ಮೊದಲ ಡೋಸ್ ಅಂದೇ ಹಾಕಿಸಿಕೊಂಡೆ. ಎಚ್‌ಪಿವಿಗೆ ದುಡ್ಡು ಕೂಡಿಸುತ್ತಿದ್ದೇನೆ. ತಂಗಿಗೂ ಹಾಕಿಸಬೇಕು. ಅವಳಿಗೆ ಏನಂತ ಹೇಳಿ ಕರೆದುಕೊಂಡು ಹೋಗುವುದು ಅಂತ ತುಂಬಾ ಯೋಚಿಸಿದೆ. ಇದ್ದದ್ದನ್ನೇ ಹೇಳುತ್ತೇನೆ ಅಂತ ತೀರ್ಮಾನ ಮಾಡಿದ್ದೇನೆ.

ನೀವು ಹೋಗುವುದಾದರೆ ಸಂಪರ್ಕ ಆದ ತಾರೀಕು, ಯಾವ ರೀತಿಯದು, ಈಚೆಗೆ ತಗೊಂಡ ಮಾತ್ರೆಗಳ ಹೆಸರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಆ ಚೀಟಿಯನ್ನೇ ಡಾಕ್ಟರ ಕೈಗೆ ಕೊಡಿ. ನನ್ನ ಮುಂದೆ ಸಾಲಿನಲ್ಲಿದ್ದ ಒಬ್ಬ ಹುಡುಗ ಹಾಗೇ ಮಾಡಿದ. ಡಾಕ್ಟರಮ್ಮ ಓದಿ, "ಬಾ ಕೂತ್ಕೋ" ಅಂದರು.